ಮನೆಯಲ್ಲೇ ಓದಿ ಪಡೆದ ಡಿಗ್ರಿ ಸರ್ಕಾರಿ ಕೆಲಸಕ್ಕೆ ಆಗುತ್ತಾ?

ಪ್ರಶ್ನೆ: ಮದ್ದೂರಿನ ಹತ್ತಿರ ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಪಿಯುಸಿ ಆಗಿದೆ. ಕೆಲಸ ಬಿಟ್ಟು ಕಾಲೇಜಿಗೆ ಹೋಗಲು ಆಗುವುದಿಲ್ಲ. ಆನ್‌ಲೈನ್‌ನಲ್ಲೋ ಕರೆಸ್ಪಾಂಡೆನ್ಸ್‌ನಲ್ಲೋ ಬಿ.ಎ. ಮಾಡಿದರೆ ಸರ್ಕಾರಿ ಕಚೇರಿಯ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರ) ಪರೀಕ್ಷೆ ಬರೆಯಬಹುದಾ? ಅಂಥ ಡಿಗ್ರಿ ಲೆಕ್ಕಕ್ಕಿಲ್ಲ ಅಂತಾರೆ ನಮ್ಮ ಮನೆಯವರು.

ಉತ್ತರ: ಧಾರಾಳವಾಗಿ ಬರೆಯಬಹುದು. ಮಾನ್ಯತೆ ಇರುವ ಸಂಸ್ಥೆಯಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಪಡೆದ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಮನೆಯವರಿಗೂ ಇದನ್ನು ತಿಳಿಸಿ.

ಆದರೆ ವಿಶ್ವವಿದ್ಯಾಲಯದ ಹೆಸರು ದೊಡ್ಡದು ಎಂದಷ್ಟೇ ನೋಡಿ ಫೀಸು ಕಟ್ಟಬೇಡಿ. ಯಾವ ಕೋರ್ಸು, ಯಾವ ವರ್ಷ, ದೂರಶಿಕ್ಷಣವೋ ಆನ್‌ಲೈನೋ ಎಂದು ಬೇರೆಬೇರೆಯಾಗಿ ನೋಡಿ ಅನುಮತಿ ಕೊಡುವುದು ಯುಜಿಸಿಯ ದೂರಶಿಕ್ಷಣ ಬ್ಯೂರೋ, ಅಂದರೆ ಡಿಇಬಿ. ಅದರ ಜಾಲತಾಣದಲ್ಲಿ ನೀವು ಸೇರುವ ವರ್ಷದ ಪಟ್ಟಿಯಲ್ಲಿ ನಿಮ್ಮ ಕೋರ್ಸ್ ಇರಬೇಕು. ಆ ಪುಟದ ಒಂದು ಪ್ರಿಂಟ್ ತೆಗೆದು ಮಾರ್ಕ್ಸ್ ಕಾರ್ಡ್ ಜತೆ ಇಟ್ಟುಕೊಳ್ಳಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಮೈಸೂರಿನಲ್ಲೇ ಇದೆ. ಮುಕ್ತಗಂಗೋತ್ರಿಯ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ನಡೆಯುತ್ತಿದೆ. ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಜತೆ ಸೇರಿ ಕೋರ್ಸ್ ನಡೆಸಿದ್ದು, ತಾಂತ್ರಿಕ ಕೋರ್ಸ್‌ಗಳನ್ನು ಕೊಟ್ಟಿದ್ದು ನಿಯಮಕ್ಕೆ ವಿರುದ್ಧ ಎಂದ ಯುಜಿಸಿ, 2012-13ರ ನಂತರಕ್ಕೆ ಮಾನ್ಯತೆ ಇಲ್ಲವೆಂದು 2015ರ ಜೂನ್‌ನಲ್ಲಿ ಪ್ರಕಟಿಸಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ಬಿ.ಎ., ಬಿ.ಕಾಂ. ಓದುತ್ತಿದ್ದ ನಮ್ಮ ಹಳ್ಳಿಗಳ ಮಕ್ಕಳಿಗೂ ಆ ವ್ಯವಹಾರಕ್ಕೂ ಸಂಬಂಧವೇ ಇರಲಿಲ್ಲ. ಪೆಟ್ಟು ಬಿದ್ದಿದ್ದು ಅವರಿಗೇ. ನಿಯಮ ಮೀರಿದ ಸಂಸ್ಥೆಗೆ ದಂಡ ಹಾಕಲಿ, ಆದರೆ ಅಷ್ಟರಲ್ಲಾಗಲೇ ಸೇರಿದವರ ಓದನ್ನು ಕಾಪಾಡುವ ಹೊಣೆ ಯುಜಿಸಿ, ಸರ್ಕಾರ ಎರಡರದ್ದೂ ಹೌದು ಎಂದೇ ನಾನು ನಂಬಿದ್ದೇನೆ. ಈಗ ಅಲ್ಲಿ ಸೇರಲು ಹೆದರಬೇಕಾಗಿಲ್ಲ. ಪಟ್ಟಿ ನೋಡಿ ಸೇರಿ, ಅಷ್ಟೇ.

2024-25ರಿಂದ ಇನ್ನೊಂದು ಹೆಜ್ಜೆ ಸೇರಿಕೊಂಡಿದೆ: ಪ್ರವೇಶಕ್ಕೆ ಡಿಇಬಿ ಐಡಿ ಕಡ್ಡಾಯ. ಅದಕ್ಕೆ ಮೊದಲು ಎಬಿಸಿ ಐಡಿ (ನಿಮ್ಮ ಓದಿನ ಕ್ರೆಡಿಟ್‌ಗಳನ್ನು ದಾಖಲಿಸಿಡುವ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಖಾತೆಯ ಸಂಖ್ಯೆ) ಬೇಕು, ಎಬಿಸಿ ಐಡಿಗೆ ಆಧಾರ್ ಬೇಕು. ತೊಡಕು ಬರುವುದು ಇಲ್ಲೇ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ‘ಲಕ್ಷ್ಮಿ ಎಂ.’ ಎಂದಿರುತ್ತದೆ, ಆಧಾರ್‌ನಲ್ಲಿ ‘ಲಕ್ಷ್ಮಮ್ಮ’. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡವರದ್ದೂ ಇದೇ ಪಾಡು. ಪ್ರವೇಶದ ಕೊನೆಯ ದಿನ ಹತ್ತಿರ ಬಂದಾಗ ಓಡಾಡುವ ಬದಲು ಈಗಲೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಎರಡೇ ಸಲ ಅವಕಾಶ, ಹಾಗಾಗಿ ಅಂಕಪಟ್ಟಿಯಲ್ಲಿರುವಂತೆಯೇ ಅಕ್ಷರಕ್ಷರ ಬರೆಸಿ. ಐಡಿ ಮಾಡಲು ಒಟಿಪಿ ಬರುವ ಮೊಬೈಲ್ ನಿಮ್ಮ ಕೈಯಲ್ಲೇ ಇರಲಿ.

‘ನಮ್ಮ ಸೆಂಟರ್‌ನಲ್ಲಿ ಸೇರಿ, ಪರೀಕ್ಷೆ ನಾವು ನೋಡಿಕೊಳ್ತೀವಿ’ ಎನ್ನುವವರ ಕೈಗೆ ದುಡ್ಡು ಕೊಡಲೇಬೇಡಿ. ಫ್ರಾಂಚೈಸಿ ಮೂಲಕ ಕೋರ್ಸ್ ನಡೆಸುವುದಕ್ಕೆ ನಿಷೇಧವಿದೆ. ಫೀಸು ವಿಶ್ವವಿದ್ಯಾಲಯದ ಖಾತೆಗೇ ಹೋಗಲಿ, ರಸೀದಿ ನಿಮ್ಮ ಹೆಸರಿನಲ್ಲಿರಲಿ. ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಪದವಿಗಳನ್ನು ಈ ದಾರಿಯಲ್ಲಿ ಕೊಡಿಸುತ್ತೇವೆ ಎಂದರೂ ನಂಬಬೇಡಿ, ಅವಕ್ಕೆ ಅನುಮತಿಯೇ ಇಲ್ಲ.

ಆನ್‌ಲೈನೋ ದೂರಶಿಕ್ಷಣವೋ? ಇಡೀ ಮನೆಗೆ ಒಂದೇ ಫೋನ್ ಇದ್ದರೆ, ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಅದು ಮಕ್ಕಳ ಕೈಯಲ್ಲಿರುತ್ತದೆ. ಅಂಥವರಿಗೆ ಅಚ್ಚಾದ ಪಾಠಪುಸ್ತಕ ಕೊಡುವ ದೂರಶಿಕ್ಷಣವೇ ವಾಸಿ. ಬಸ್ಸಿನಲ್ಲೂ ಓದಬಹುದು, ಡೇಟಾ ಖರ್ಚಿಲ್ಲ. ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಲೇಬೇಕು. ವೇಳಾಪಟ್ಟಿ ಬಂದ ದಿನವೇ ಒಂದು ಪ್ರತಿಯನ್ನು ಸೂಪರ್‌ವೈಸರ್‌ಗೆ ಕೊಟ್ಟು ಆ ದಿನಗಳಿಗೆ ರಜೆ ಬರೆಸಿಬಿಡಿ.