ಯುದ್ಧಕಾಲದ ಜೀಪು, ಲಾರಿಗಳ ಸಣ್ಣ ದೀಪ: 12 ವೋಲ್ಟಿಗೆ ಬದಲಾಯಿಸಲೇಬೇಕಾ?

ಪ್ರಶ್ನೆ: ನಮ್ಮ ತೋಟದಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿದೆ. ಹಿಂದಿನ, ಮುಂದಿನ ಸಣ್ಣ ದೀಪಗಳು ತುಕ್ಕು ಹಿಡಿದಿವೆ. ಹೊಸದು ಎಲ್ಲಿ ಸಿಗುತ್ತದೆ? 6 ವೋಲ್ಟಿನಲ್ಲಿ ಬೆಳಕು ಸಾಲದು, 12 ಮಾಡಿಸಿ ಅಂತಾರೆ. ಮಾಡಿಸಲೇ?

ಮೊದಲ ಭಾಗಕ್ಕೆ ಉತ್ತರ ಚಿಕ್ಕದು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಆಮೇಲಿನ ಮಹೀಂದ್ರ ಜೀಪುಗಳ ದೀಪ. ಯುದ್ಧಕಾಲದ ಮಾದರಿಯನ್ನು ಅಮೆರಿಕ, ಯುರೋಪಿನಲ್ಲಿ ಈಗಲೂ ಹೊಸದಾಗಿ ಮಾಡುತ್ತಾರೆ. ತರಿಸಿಕೊಳ್ಳಬೇಕು. ಅದೇ ಕಾಲದ ಜಿಎಂಸಿ, ಡಾಡ್ಜ್ ಸೇನಾ ಲಾರಿಗಳಿಗೆಂದು ಮಾರುವ ಹಿಂದಿನ ದೀಪವನ್ನೂ ನೋಡಿ. ಅಮೆರಿಕದ ಸೇನೆ ಹೆಚ್ಚುಕಡಿಮೆ ಒಂದೇ ಬಗೆಯದನ್ನು ಎಲ್ಲಕ್ಕೂ ಹಾಕುತ್ತಿತ್ತು.

ಇನ್ನು 12 ವೋಲ್ಟಿನ ವಿಷಯ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಮತ್ತೆ ಹೇಳುತ್ತೇನೆ. 6 ವೋಲ್ಟ್ ಅಂದಮಾತ್ರಕ್ಕೆ ಬೆಳಕು ಕಡಿಮೆ ಅಂತಲ್ಲ. ಬೆಳಕನ್ನು ತೀರ್ಮಾನಿಸುವುದು ಬಲ್ಬು. 6 ವೋಲ್ಟಿನ 63ನೇ ನಂಬರ್ ಬಲ್ಬು 3 ಕ್ಯಾಂಡಲ್‌ಪವರ್ (ಬೆಳಕಿನ ಅಳತೆ). ಅದೇ ಹೋಲ್ಡರಿಗೆ ಕೂರುವ 12 ವೋಲ್ಟಿನ 67ನೇ ನಂಬರಿನದು 4. ಇಷ್ಟಕ್ಕೆ ಡೈನಮೋ, ಇಗ್ನಿಷನ್ ಕಾಯಿಲ್, ಪೆಟ್ರೋಲ್ ಮೀಟರ್ ಎಲ್ಲ ಬದಲಾಯಿಸಬೇಕಾ?

ಹಾಗಾದರೆ ದೀಪ ಮಂಕೇಕೆ? ಅಷ್ಟೇ ವ್ಯಾಟ್‌ಗೆ 6 ವೋಲ್ಟಿನಲ್ಲಿ ಎರಡು ಪಟ್ಟು ಕರೆಂಟು ಹರಿಯಬೇಕು. ದಾರಿಯಲ್ಲಿ ತುಕ್ಕಿದ್ದರೆ ವೋಲ್ಟಿನ ನಷ್ಟವೂ ಎರಡು ಪಟ್ಟು. ಆರರಲ್ಲಿ ಒಂದು ವೋಲ್ಟ್ ಹೋದರೆ ಬೆಳಕು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದೇ ತುಕ್ಕಿನಲ್ಲಿ 12 ವೋಲ್ಟಿನ ಗಾಡಿ ಕಳೆದುಕೊಳ್ಳುವುದು ಅರ್ಧ ವೋಲ್ಟ್ ಮಾತ್ರ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ತುಕ್ಕು ಮಾತ್ರ ಅಲ್ಲೇ ಕೂತಿರುತ್ತದೆ.

ಸಕಲೇಶಪುರದ ಕಡೆ ಗೆಳೆಯರೊಬ್ಬರ ಜೀಪು ನೋಡಿದೆ. ಹೊಸ ದೀಪ, ಹೊಸ ಬಲ್ಬು, ಆದರೂ ಕೆಂಡದ ಹಾಗೆ ಮಿಣುಕು. ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 6.2 ವೋಲ್ಟ್, ಬಲ್ಬಿನಲ್ಲಿ 4.8. ಈ ದೀಪಕ್ಕೆ ಅರ್ಥಿಂಗ್ (ಕರೆಂಟು ಗಾಡಿಯ ಮೈಯ ಮೂಲಕ ಬ್ಯಾಟರಿಗೆ ಮರಳುವ ದಾರಿ) ಸಿಗುವುದು ತನ್ನದೇ ಬೋಲ್ಟಿನಿಂದ, ಅಲ್ವಾ? ಬೋಲ್ಟಿನ ಕೆಳಗೆ ದಪ್ಪಗೆ ಹಸಿರು ಪೇಂಟ್ ಬಳಿದಿದ್ದರು. ರೂಪಾಯಿ ನಾಣ್ಯದಷ್ಟು ಜಾಗ ತಗಡು ಹೊಳೆಯುವ ತನಕ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿದೆವು. 6.0 ಬಂತು. ಖರ್ಚು ಒಂದು ಉಜ್ಜುಕಾಗದ.

ದೀಪ ಇಲ್ಲೇ ಮಾಡಿಸಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ದುಂಡಗಿನ ತಗಡಿನ ಚಿಪ್ಪನ್ನು ಅಚ್ಚಿಟ್ಟು ಲೇತ್‌ನಲ್ಲಿ ತಿರುಗಿಸಿ ಮಾಡುವ ಕೆಲಸಗಾರರು ನಮ್ಮಲ್ಲೇ ಇದ್ದಾರೆ. ತ್ರೀಡಿ ಪ್ರಿಂಟರಿನಲ್ಲಿ ಸಾಮಾನ್ಯ ಪಿಎಲ್‌ಎ ಪ್ಲಾಸ್ಟಿಕ್ ಹಾಕಿ ಮಾಡಿಸಬೇಡಿ. ಅದು 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬೇಸಿಗೆ ಬಿಸಿಲಿಗೆ ಸೊಟ್ಟಗಾಗುತ್ತದೆ.

ಕಷ್ಟವಿರುವುದು ಹಿಂದಿನ ದೀಪದ ಕೆಂಪು ಕಿಂಡಿಗಳಲ್ಲಿ. ಅವು ಸುಮ್ನೆ ಅಂದಕ್ಕೆ ಇಟ್ಟಿದ್ದಲ್ಲ. ಸೇನೆಯ ಗಾಡಿಗಳು ಕತ್ತಲಲ್ಲಿ ಸಾಲಾಗಿ ಹೋಗುವಾಗ ಹಿಂದಿನ ಡ್ರೈವರಿಗೆ ಅಂತರ ತಿಳಿಸುವ ಅಳತೆಗೋಲು ಅವು. 60 ಅಡಿಗಿಂತ ಹತ್ತಿರವಾದರೆ ನಾಲ್ಕು ಚುಕ್ಕಿ. 60ರಿಂದ 180 ಅಡಿ ತನಕ ಎರಡು. ಅದಕ್ಕಿಂತ ಹಿಂದೆ ಬಿದ್ದರೆ ಎಲ್ಲ ಕೂಡಿ ಒಂದೇ. ದೂರ ಹೋದಂತೆ ಕಿಂಡಿಗಳ ನಡುವಿನ ಸಂದು ಕಣ್ಣಿಗೆ ಕಾಣದಾಗುತ್ತದೆ, ಅದೇ ಇದರ ಗುಟ್ಟು. ಸಂದಿನ ಅಳತೆ ತಪ್ಪಿದರೆ ಲೆಕ್ಕವೆಲ್ಲ ತಪ್ಪುತ್ತದೆ. ತುಂಬಾ ಪ್ರಖರವಾದ ಎಲ್‌ಇಡಿ ಹಾಕಿದರೂ ಚುಕ್ಕಿಗಳು ಕಲಸಿಹೋಗುತ್ತವೆ. ಈ ದೀಪ ಮಿತವಾಗಿ ಉರಿಯಲೆಂದೇ ಮಾಡಿದ್ದು.

ದೀಪ ತರಿಸಿದ ಮೇಲೆ ಬೀದಿದೀಪವಿಲ್ಲದ ಕಡೆ, ರಸ್ತೆಯಿಂದ ಒಳಗೆ ಜೀಪು ನಿಲ್ಲಿಸಿ. ಹಗ್ಗ ಹಿಡಿದು 60 ಅಡಿ, 180 ಅಡಿಗೆ ಗುರುತು ಹಾಕಿ. ದೂರದಿಂದ ನಿಧಾನವಾಗಿ ನಡೆದು ಬನ್ನಿ. 180 ಅಡಿಯ ಗುರುತಿನಲ್ಲಿ ಒಂದು ಚುಕ್ಕಿ ಎರಡಾಗಿ, 60 ಅಡಿಯದರಲ್ಲಿ ಎರಡು ನಾಲ್ಕಾಗಿ ಒಡೆದರೆ ಸರಿಯಾದ ದೀಪವನ್ನೇ ತಂದಿದ್ದೀರಿ.