ದಪ್ಪಗಿದ್ದರೆ ಲಕ್ವ ಬರುತ್ತಾ? ಅದು ಗಾಳಿ ಬಡಿದು ಬರೋದಲ್ವಾ?

ಪ್ರಶ್ನೆ: ನನಗೆ 43 ವರ್ಷ. ಎತ್ತರ 5 ಅಡಿ, ತೂಕ 72 ಕೆಜಿ. ಬೇಲೂರು ಹತ್ತಿರದ ಹಳ್ಳಿಯವಳು. ಬಿಪಿ, ಶುಗರ್ ಏನೂ ಇಲ್ಲ. ತೂಕ ಇಳಿಸಿ, ಇಲ್ಲಾಂದ್ರೆ ಲಕ್ವ ಹೊಡೆಯುತ್ತೆ ಅಂತ ಆಶಾ ಅಕ್ಕ ಹೇಳ್ತಾರೆ. ಅದು ಗಾಳಿ ಬಡಿದು ಬರೋದು, ಮೈ ದಪ್ಪಕ್ಕೂ ಅದಕ್ಕೂ ಏನು ಸಂಬಂಧ ಅಂತಾರೆ ನಮ್ಮತ್ತೆ. ಯಾರ ಮಾತು ನಿಜ?

ಉತ್ತರ: ಆಶಾ ಅಕ್ಕನ ಮಾತು ನಿಜ. ಹಾಸನದಲ್ಲಿ ರೋಗಿಗಳನ್ನು ನೋಡಲು ಶುರು ಮಾಡಿದಾಗಿನಿಂದ ಇದೇ ಉತ್ತರ ಹೇಳುತ್ತಾ ಬಂದಿದ್ದೇನೆ. ಆದರೂ ಪ್ರತಿ ಚಳಿಗಾಲ ಗಾಳಿಯ ಕತೆ ಹೊಸದಾಗಿ ಎದ್ದು ಬರುತ್ತದೆ. ಆದ್ದರಿಂದ ಈ ಸಲ ಮೊದಲು ಅದನ್ನೇ ನೋಡೋಣ.

ಲಕ್ವ ಎಂದರೆ ಮೆದುಳಿನ ಕಾಯಿಲೆ. ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. ರಕ್ತ ಸಿಗದ ಭಾಗ ಸಾಯಲು ಶುರುವಾಗುತ್ತದೆ. ಇದರಲ್ಲಿ ಗಾಳಿಯ ಪಾತ್ರ ಇಲ್ಲ. ಪಾರ್ಶ್ವವಾಯು ಎಂಬ ಹೆಸರಿನಲ್ಲಿ 'ವಾಯು' ಇದೆ ನಿಜ. ಆದರೆ ಅದು ಬಸ್ಸಿನ ಕಿಟಕಿಯಿಂದ ಬಡಿಯುವ ಗಾಳಿ ಅಲ್ಲ.

ಹಾಗಾದರೆ ಈ ನಂಬಿಕೆ ಯಾಕೆ ಇಷ್ಟು ಗಟ್ಟಿ? ಜನ ಸುಮ್ನೆ ಕಟ್ಟಿದ ಕತೆ ಅಲ್ಲ ಇದು, ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಬಾಯಿ ಸೊಟ್ಟಗಾಗಿದೆ. ಒಂದು ಕಣ್ಣು ಮುಚ್ಚಲ್ಲ. ಬಾಯಿ ಮುಕ್ಕಳಿಸಿದರೆ ನೀರು ಒಂದು ಕಡೆಯಿಂದ ಸೋರುತ್ತದೆ. ಹಿಂದಿನ ದಿನ ಸಕಲೇಶಪುರದಿಂದ ಕಿಟಕಿ ಪಕ್ಕ ಕೂತು ಬಂದದ್ದು ನೆನಪಾಗುತ್ತದೆ. ಗಾಳಿ ಬಡೀತು ಅಂತ ತೀರ್ಮಾನ ಆಗುತ್ತದೆ. ಯಾರೋ ನಾಟಿ ಔಷಧಿ ಕೊಡುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಪಥ್ಯ ಹೇಳುತ್ತಾರೆ. ಕೆಲವು ವಾರಗಳಲ್ಲಿ ಮುಖ ಸರಿಹೋಗುತ್ತದೆ. ಊರಿಗೆಲ್ಲ ಸುದ್ದಿ: ಲಕ್ವ ವಾಸಿಯಾಯ್ತು!

ಅದು ಲಕ್ವವೇ ಅಲ್ಲ. ಅದಕ್ಕೆ ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಮುಖದ ನರ ಕಿವಿಯ ಹಿಂದೆ ಮೂಳೆಯೊಳಗಿನ ಕಿರಿದಾದ ದಾರಿಯಲ್ಲಿ ಹಾದು ಬರುತ್ತದೆ. ಅಲ್ಲಿ ಅದು ಊದಿಕೊಂಡರೆ ಆ ಕಡೆಯ ಮುಖ ಸೋಲುತ್ತದೆ. ಮೆದುಳಿಗೆ ಏನೂ ಆಗಿರುವುದಿಲ್ಲ. ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಗುತ್ತದೆ. ಮೂರು ದಿನದೊಳಗೆ ವೈದ್ಯರು ಕೊಡುವ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರೆ ಇನ್ನೂ ಒಳ್ಳೆಯದು. ನಾಟಿ ಔಷಧಿಗೆ ಬಂದ ಹೆಸರೆಲ್ಲ ಬಹುಪಾಲು ಇಲ್ಲಿಂದಲೇ ಬಂದದ್ದು.

ಈ ಹೆಸರನ್ನು ನಂಬಿಕೊಂಡು ನಿಜವಾದ ಲಕ್ವದವರನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ನನಗೆ ಸಂಕಟ ಆಗುವುದು ಅದಕ್ಕೆ. ಕಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಎಣ್ಣೆ ತಿಕ್ಕಿಸಿಕೊಂಡು ಮೂರನೇ ದಿನ ಬಂದವರಿಗೆ ಆ ಇಂಜೆಕ್ಷನ್ ಕೊಡಲು ಬರುವುದಿಲ್ಲ. ಬಾಯಿ ಸೊಟ್ಟಗಾಗುವ ಜೊತೆಗೆ ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ, ಗಂಟೆ ಎಷ್ಟು ಅಂತ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ಬರೀ ಬಾಯಿ ಸೊಟ್ಟಗಾದರೂ ಮನೆಯಲ್ಲೇ ತೀರ್ಮಾನಿಸದೆ ತಕ್ಷಣ ಆಸ್ಪತ್ರೆಗೆ ತೋರಿಸಿ.

ನಿಮ್ಮತ್ತೆಯ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ, ಅದನ್ನೂ ಹೇಳಬೇಕು. ಚಳಿಗೆ ರಕ್ತನಾಳ ಬಿಗಿಯುತ್ತವೆ, ಬಿಪಿ ಸ್ವಲ್ಪ ಏರುತ್ತದೆ. ಮೊದಲೇ ಬಿಪಿ ಇದ್ದವರಿಗೆ ಅದು ಒಳ್ಳೆಯದಲ್ಲ. ಆದರೆ ಅವರನ್ನು ಕಾಪಾಡುವುದು ಬಿಪಿ ಮಾತ್ರೆ. ಕಿವಿಗೆ ಸುತ್ತಿದ ಮಫ್ಲರ್ ಅಲ್ಲ.

ಈಗ ತೂಕ. ಬ್ರಿಟನ್ನಿನಲ್ಲಿ ಸುಮಾರು 13 ಲಕ್ಷ ಹೆಂಗಸರನ್ನು ಹೆಚ್ಚುಕಡಿಮೆ 12 ವರ್ಷ ಗಮನಿಸಿ ನೋಡಿದ್ದಾರೆ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕಷ್ಟು ತೂಕ ಇದೆಯೇ ಎಂದು ನೋಡುವ ಲೆಕ್ಕ, 5 ಅಂಕ ಹೆಚ್ಚಾದಂತೆಲ್ಲ ನಾಳ ಕಟ್ಟಿಕೊಂಡು ಬರುವ ಲಕ್ವದ ಅಪಾಯ ಶೇ. 21ರಷ್ಟು ಜಾಸ್ತಿ ಇತ್ತು. ನಮ್ಮವರಿಗೆ ಬಿಎಂಐ 23 ದಾಟಿದರೆ ತೂಕ ಹೆಚ್ಚು ಎಂದು ಲೆಕ್ಕ, 25 ದಾಟಿದರೆ ಬೊಜ್ಜು. ನಿಮ್ಮದು 31. ತಕ್ಕಡಿಗಿಂತ ಟೈಲರ್ ಟೇಪು ಇನ್ನೂ ಚೆನ್ನಾಗಿ ಹೇಳುತ್ತದೆ. ಉಸಿರು ಬಿಟ್ಟು, ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಅಳೆಯಿರಿ. ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು.

ಬಿಪಿ, ಶುಗರ್ ಇಲ್ಲ ಅಂದಿದ್ದೀರಿ. ಕೊನೆಯ ಸಲ ನೋಡಿಸಿದ್ದು ಯಾವಾಗ? ಬೊಜ್ಜಿನಿಂದ ಬರುವ ಲಕ್ವದ ಅಪಾಯದಲ್ಲಿ ಸುಮಾರು ಮುಕ್ಕಾಲು ಪಾಲು ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂಲಕವೇ ಬರುತ್ತದೆ. ಅದರಲ್ಲಿ ಬಿಪಿಯದೇ ದೊಡ್ಡ ಪಾಲು. ಬಿಪಿ ಏರಿದ್ದು ಗೊತ್ತೇ ಆಗುವುದಿಲ್ಲ. ತಲೆನೋವೂ ಬರಬೇಕೆಂದಿಲ್ಲ. ಇನ್ನು ಕೆಲವು ವರ್ಷದಲ್ಲಿ ಮುಟ್ಟು ನಿಲ್ಲುತ್ತದೆ. ಆಗ ಕೊಬ್ಬು ಹೊಟ್ಟೆಗೇ ಸೇರುವುದು ಜಾಸ್ತಿ, ಬಿಪಿಯೂ ಏರತೊಡಗುತ್ತದೆ. ಬಿಎಂಐ 23ರ ಒಳಗೆ ಬರಲು 53 ಕೆಜಿಗೆ ಇಳಿಯಿರಿ ಅಂತ ನಾನು ಹೇಳುತ್ತಿಲ್ಲ. ಒಂದು ಕೆಜಿ ಇಳಿದರೂ ಮೇಲಿನ ಬಿಪಿ ಹೆಚ್ಚುಕಡಿಮೆ ಒಂದು ಅಂಕ ಇಳಿಯುತ್ತದೆ. ನಾಲ್ಕೈದು ಕೆಜಿ ಇಳಿಸಿದರೆ ಸಾಕಷ್ಟು ಲಾಭ. ಊಟದ ಜೊತೆ ದಿನಾ ಉಪ್ಪಿನಕಾಯಿ, ಸಂಡಿಗೆ ಇದ್ದರೆ ಅದನ್ನೂ ಕಡಿಮೆ ಮಾಡಿ. ಇಡೀ ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು ಸಾಕು.

ನೀವು ಕೇಳದ ಒಂದು ಮಾತು. ಬಸುರಿಯಲ್ಲಿ ನಿಮಗೆ ಬಿಪಿ ಏರಿತ್ತಾ? ಐದನೇ ತಿಂಗಳ ನಂತರ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆ ಕೆಲವರಿಗೆ ಬರುತ್ತದೆ. ತೂಕ ಜಾಸ್ತಿ ಇದ್ದವರಿಗೆ ಇದು ಹೆಚ್ಚು. ಹೆರಿಗೆ ಆದ ಮೇಲೆ ಬಿಪಿ ಇಳಿಯುತ್ತದೆ, ಎಲ್ಲರೂ ಮರೆತುಬಿಡುತ್ತಾರೆ. ಆದರೆ ಹಾಗಾದವರಿಗೆ ಮುಂದೆ ಲಕ್ವ ಬರುವ ಅಪಾಯ ಬೇರೆಯವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಇಪ್ಪತ್ತು ವರ್ಷದ ಹಿಂದಿನ ಬಾಣಂತನದ ಮಾತನ್ನು ಬಿಪಿ ನೋಡಿಸಲು ಬಂದಾಗ ಯಾರೂ ಹೇಳುವುದಿಲ್ಲ, ನಾವು ವೈದ್ಯರು ಕೇಳುವುದೂ ಕಡಿಮೆ. ಬೀರುವಿನಲ್ಲಿ ಹಳೇ ತಾಯಿ ಕಾರ್ಡೋ ಡಿಸ್ಚಾರ್ಜ್ ಚೀಟಿಯೋ ಇದ್ದರೆ ಹುಡುಕಿ. ಅದರಲ್ಲಿ ಬಿಪಿ 140/90 ಅಥವಾ ಅದಕ್ಕಿಂತ ಮೇಲೆ ಬರೆದಿದ್ದರೆ, ಈ ವಾರವೇ ಬಿಪಿ ನೋಡಿಸಲು ಹೋಗಿ. ಆ ಕಾರ್ಡನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.