ಕ್ಷೇಮ ಸಮಾಚಾರದ ಬೆಲೆ: ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ನೆಂಟರ ಸುದ್ದಿ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮನೆತನದ ಬೇರು ಹುಡುಕುವವರಿಗೆ ಈಗ ದಾಖಲೆಗಳ ಬರವಿಲ್ಲ. ವಿಶ್ವವಿದ್ಯಾಲಯಗಳೂ ಗ್ರಂಥಾಲಯಗಳೂ ಹತ್ತೊಂಬತ್ತನೇ ಶತಮಾನದ ಕುಟುಂಬ ಪತ್ರಗಳನ್ನು ಕಂತೆಗಟ್ಟಲೆ ಜಾಲತಾಣಕ್ಕೆ ಏರಿಸಿವೆ. ಆದರೂ ಹುಡುಕುತ್ತ ಹೋದಂತೆ ದಾರಿ ಗೋಜಲಾಗುತ್ತದೆ. ಒಂದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ), ಒಂದೇ ಹತ್ತಿ ಹೊಲದ ಆಸುಪಾಸಿನಲ್ಲಿ ಬಾಳಿದ ಎರಡು ಕುಟುಂಬಗಳ ಪೈಕಿ ಬಿಳಿಯ ಕುಟುಂಬದ ಮದುವೆ, ಹೆರಿಗೆ, ಜ್ವರ, ಸಾವು ಎಲ್ಲವೂ ತಾರೀಖಿನ ಸಮೇತ ಸಿಗುತ್ತವೆ. ಇನ್ನೊಂದು, ಗುಲಾಮರ ಕುಟುಂಬ; ಅದರಲ್ಲಿ ಹೆತ್ತ ತಾಯಿಯ ಹೆಸರೂ ಸಿಗುವುದಿಲ್ಲ. ಓದು ಬರಹ ಬಾರದವರು ಕಾಗದ ಬರೆಯಲಿಲ್ಲ, ಅಷ್ಟೇ ಎಂದು ಕೆಲವರು ಮಾತು ಮುಗಿಸುತ್ತಾರೆ. ಅದು ಅರ್ಧ ಉತ್ತರ ಮಾತ್ರ. ಸುದ್ದಿಗೆ ದುಡ್ಡಿನ ಬೆಲೆ ಇದ್ದಂತೆ ಕಾನೂನಿನ ಬೇಲಿಯೂ ಇತ್ತು.

ಮೊದಲು ದುಡ್ಡಿನ ಮಾತು. ಶತಮಾನದ ಮೊದಲ ದಶಕಗಳಲ್ಲಿ ವರ್ಜೀನಿಯಾ, ಕೆರೊಲಿನಾಗಳ ಹೊಲಗಳು ಸಾರ ಕಳೆದುಕೊಂಡಂತೆ ಜನ ಹೊಸ ನೆಲ ಅರಸಿ ಅಲಬಾಮಾ, ಮಿಸಿಸಿಪ್ಪಿ, ಆಮೇಲೆ ಟೆಕ್ಸಾಸ್ ಕಡೆಗೆ ಗುಳೆ ಹೋದರು. ಅಣ್ಣ ಊರಲ್ಲಿ ಉಳಿದ, ತಂಗಿಯ ಸಂಸಾರ ಐನೂರು ಮೈಲಿ ಆಚೆ ಬೇರೂರಿತು. ಆಗಿನ ಅಂಚೆ ದರಕ್ಕೆ ಎರಡು ಲೆಕ್ಕ: ಎಷ್ಟು ದೂರ, ಎಷ್ಟು ಹಾಳೆ. 1825ರ ದರಪಟ್ಟಿಯಂತೆ 30 ಮೈಲಿಯೊಳಗೆ ಒಂದು ಹಾಳೆಗೆ 6 ಸೆಂಟ್, 400 ಮೈಲಿ ದಾಟಿದರೆ 25 ಸೆಂಟ್. ಎರಡನೇ ಹಾಳೆ ಸೇರಿದರೆ ಇಮ್ಮಡಿ. ಕೂಲಿಯವನ ದಿನದ ದುಡಿಮೆಯಲ್ಲಿ 25 ಸೆಂಟ್ ದೊಡ್ಡ ಪಾಲು. ಲಕೋಟೆಯೂ ಒಂದು ಹಾಳೆಯೆಂದೇ ಲೆಕ್ಕಕ್ಕೆ ಬರುತ್ತಿದ್ದುದರಿಂದ ಕಾಗದವನ್ನೇ ಮಡಚಿ, ಅರಗಿನಿಂದ ಅಂಟಿಸಿ, ಹೊರಮೈ ಮೇಲೆ ವಿಳಾಸ ಬರೆಯುತ್ತಿದ್ದರು. ಹಾಳೆ ತುಂಬಿದ ಮೇಲೂ ಹೇಳುವುದು ಉಳಿದಿದ್ದರೆ ಅದನ್ನು ಅಡ್ಡಲಾಗಿ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೊಂದು ಸುತ್ತು ಬರೆಯುತ್ತಿದ್ದರು. ಅಂಥ ಪತ್ರವನ್ನು ಇಂದು ಓದಲು ಕೂತರೆ ಕಣ್ಣು ನೋಯುತ್ತದೆ. ಬರೆದವರ ಆಸೆ ಎಷ್ಟಿತ್ತು ಎಂಬುದೂ ಅಲ್ಲೇ ತಿಳಿಯುತ್ತದೆ.

ಹಣ ತೆರಬೇಕಾದವರು ಸಾಮಾನ್ಯವಾಗಿ ಕಾಗದ ಪಡೆದವರು. ಹಳ್ಳಿಗಾಡಿನ ಅಂಚೆ ಕಚೇರಿ ಬಹುಮಟ್ಟಿಗೆ ಅಂಗಡಿಯ ಒಂದು ಮೂಲೆ. ಉಪ್ಪು, ಮೊಳೆ ತರಲು ಹೋದವರು ಅಕ್ಕಪಕ್ಕದವರ ಕಾಗದವನ್ನೂ ವಿಚಾರಿಸಿಕೊಂಡು ಬರುತ್ತಿದ್ದರು. ಯಾರೂ ಬಿಡಿಸಿಕೊಳ್ಳದ ಪತ್ರಗಳ ವಿಳಾಸದಾರರ ಹೆಸರುಗಳು ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಅದಕ್ಕೂ ಯಾರೂ ಬಾರದಿದ್ದರೆ ಪತ್ರ ವಾಷಿಂಗ್ಟನ್‌ಗೆ ಹೋಗಿ ಅಲ್ಲಿಗೆ ಅದರ ಕಥೆ ಮುಗಿಯುತ್ತಿತ್ತು. ಪತ್ರಿಕೆ ಸಾಗಿಸಲು ಮಾತ್ರ ಒಂದು, ಒಂದೂವರೆ ಸೆಂಟ್ ಸಾಕಾಗಿತ್ತು. ಹಾಗಾಗಿ ಹಳೆಯ ಪತ್ರಿಕೆಯ ಅಕ್ಷರಗಳನ್ನು ಸೂಜಿಯಿಂದ ಚುಚ್ಚಿ, ಚುಚ್ಚಿದ ಅಕ್ಷರಗಳನ್ನು ಕೂಡಿಸಿ ಓದಿದರೆ ಮನೆಯ ಸುದ್ದಿ ತಿಳಿಯುವಂತೆ ಮಾಡಿ ಕಳಿಸುವವರಿದ್ದರು. ಅಂಚೆ ನಿಯಮಕ್ಕೆ ಇದು ಅಪರಾಧ. ಜನರಿಗೆ ಅಗ್ಗದ ದಾರಿ ಬೇಕಿತ್ತು. ಆ ಕಡೆ ಹೊರಟ ನೆರೆಯವರ ಕೈಯಲ್ಲಿ ಪತ್ರ ಕೊಟ್ಟು ಕಳಿಸುವುದೂ ಅಷ್ಟೇ ರೂಢಿಯಲ್ಲಿತ್ತು.

ಈ ಪತ್ರಗಳ ಮೊದಲ ಸಾಲು ಹೆಚ್ಚುಕಡಿಮೆ ಒಂದೇ: ಲೇಖನಿ ಹಿಡಿದು ತಿಳಿಸುವುದೇನೆಂದರೆ ನಾವೆಲ್ಲ ಆರೋಗ್ಯ, ಈ ನಾಲ್ಕು ಸಾಲು ತಲುಪುವಾಗ ನೀವೂ ಹಾಗೇ ಇರುತ್ತೀರೆಂದು ನಂಬಿದ್ದೇವೆ. ನಮ್ಮ ಹಿರಿಯರ ‘ಉಭಯ ಕುಶಲೋಪರಿ’ಯ ಹಾಗೆಯೇ. ಅದರ ಬೆನ್ನಿಗೆ ಚಳಿಜ್ವರ, ಜೋಳದ ಬೆಳೆ, ಹತ್ತಿಯ ಧಾರಣೆ, ಯಾರು ಹೆತ್ತರು, ಯಾರು ಸತ್ತರು.

1845ರಲ್ಲಿ ಹಾಳೆಯ ಲೆಕ್ಕ ಹೋಗಿ ತೂಕದ ಲೆಕ್ಕ ಬಂತು, 1847ರಲ್ಲಿ ಅಂಚೆ ಚೀಟಿ ಬಂತು, 1851ರಲ್ಲಿ ಮುಂಗಡ ಕೊಟ್ಟರೆ 3,000 ಮೈಲಿವರೆಗೂ 3 ಸೆಂಟ್ ಎಂದಾಯಿತು. ಬಿಳಿಯ ರೈತ ಕುಟುಂಬಗಳ ಪತ್ರ ವ್ಯವಹಾರ ಹಗುರಾಯಿತು.

ಇನ್ನು ಕಾನೂನಿನ ಬೇಲಿ. 1790ರಿಂದ 1860ರವರೆಗೆ ಸುಮಾರು 10 ಲಕ್ಷ ಗುಲಾಮರನ್ನು ವರ್ಜೀನಿಯಾದಂಥ ಮೇಲಿನ ದಕ್ಷಿಣದ ರಾಜ್ಯಗಳಿಂದ ಅಲಬಾಮಾ, ಮಿಸಿಸಿಪ್ಪಿಯಂಥ ಕೆಳಗಿನ ಹತ್ತಿ ಸೀಮೆಗೆ ಸಾಗಿಸಲಾಯಿತು. ಕೆಲವರು ಮಾಲೀಕರ ಜೊತೆ ಹೋದರು, ಬಹಳ ಮಂದಿ ಮಾರಾಟವಾಗಿ ಹೋದರು. ದೂರದ ನೆಂಟರ ಸುದ್ದಿಗಾಗಿ ಇವರಷ್ಟು ಹಂಬಲಿಸಿದವರು ಆ ನಾಡಿನಲ್ಲಿ ಮತ್ತಾರೂ ಇರಲಾರರು. ಆದರೆ ಗುಲಾಮರಿಗೆ ಬರೆಯಲು ಕಲಿಸುವುದನ್ನು ಸೌತ್ ಕೆರೊಲಿನಾ 1740ರಲ್ಲೇ ನಿಷೇಧಿಸಿತ್ತು; ಜಾರ್ಜಿಯಾ, ನಾರ್ತ್ ಕೆರೊಲಿನಾ, ವರ್ಜೀನಿಯಾಗಳು 1829ರಿಂದ 1831ರೊಳಗೆ ಅಂಥದೇ ಬಿಗಿ ತಂದವು. 1802ರಲ್ಲಿ ಅಮೆರಿಕದ ಕಾಂಗ್ರೆಸ್, ಸ್ವತಂತ್ರ ಬಿಳಿಯರು ಮಾತ್ರ ಅಂಚೆ ಚೀಲ ಹೊರಬೇಕು ಎಂದು ಕಾಯ್ದೆ ಮಾಡಿತು. ಅದಕ್ಕೆ ಮುನ್ನ ಅಂಚೆ ಇಲಾಖೆಯ ಮುಖ್ಯಸ್ಥರು ಸೆನೆಟರ್ ಒಬ್ಬರಿಗೆ ಬರೆದ ಪತ್ರದಲ್ಲಿ ಕಾರಣ ಸ್ಪಷ್ಟವಾಗಿದೆ: ಊರೂರು ತಿರುಗುವ ಚುರುಕಾದ ಗುಲಾಮರು ಜನರ ಜೊತೆ ಬೆರೆಯುತ್ತಾರೆ, ವಿಷಯ ತಿಳಿದುಕೊಳ್ಳುತ್ತಾರೆ, ತಮ್ಮವರಿಗೆ ತಲುಪಿಸುತ್ತಾರೆ. ಅಂದರೆ ಸುದ್ದಿಯೇ ಅಪಾಯ ಎನಿಸಿತ್ತು. ಆ ಕಾಯ್ದೆ ರದ್ದಾದದ್ದು 1865ರ ಮಾರ್ಚ್‌ನಲ್ಲಿ.

ಹಾಗೆಂದು ಸುದ್ದಿ ನಿಲ್ಲಲಿಲ್ಲ. ಗಾಡಿ ಹೊಡೆಯುವವರು, ದೋಣಿಯವರು, ರೈಲು ಹಳಿ ಹಾಕುವವರು ಬಾಯಿಂದ ಬಾಯಿಗೆ ದಾಟಿಸಿದರು. ಮಾಲೀಕರ ಮನೆಯ ಪತ್ರಗಳ ತುದಿಯಲ್ಲಿ ಒಮ್ಮೊಮ್ಮೆ ಒಂದು ಸಾಲು ಕಾಣುತ್ತದೆ: ಅಡುಗೆಯ ಹೆಂಗಸು ನಿಮ್ಮಲ್ಲಿರುವ ತನ್ನ ಮಗನಿಗೆ ‘ಹೌಡಿ’ (ಹೇಗಿದ್ದೀಯ ಎಂಬ ಕುಶಲದ ಮಾತು) ತಿಳಿಸಲು ಹೇಳಿದ್ದಾಳೆ. ಅಷ್ಟೇ. ಆ ಸಾಲು ಬರೆಯುವುದೂ ಬಿಡುವುದೂ ಲೇಖನಿ ಹಿಡಿದವರ ಮರ್ಜಿ. ಅಲ್ಲಿ ಓದಿ ಹೇಳುವುದೂ ಬಿಡುವುದೂ ಕಾಗದ ಒಡೆದವರ ಮರ್ಜಿ.

ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ನಾಲ್ಕು ವರ್ಷಗಳಲ್ಲಿ ಎಲ್ಲರ ಸುದ್ದಿಯೂ ಕಡಿಯಿತು. 1861ರ ಜೂನ್ ಹೊತ್ತಿಗೆ ಉತ್ತರದ ಅಂಚೆ ದಕ್ಷಿಣಕ್ಕೆ ನಿಂತಿತು. ಕಾಗದದ ಬರದಲ್ಲಿ ಬಂದ ಲಕೋಟೆಯನ್ನೇ ಒಳಹೊರಗು ಮಾಡಿ ಮರಳಿ ಬಳಸಿದರು, ಗೋಡೆಗೆ ಅಂಟಿಸುವ ಹೂವಿನ ಕಾಗದದಿಂದಲೂ ಲಕೋಟೆ ಮಾಡಿದರು. 1863ರ ಜುಲೈನಲ್ಲಿ ಮಿಸಿಸಿಪ್ಪಿ ನದಿ ದಡದ ವಿಕ್ಸ್‌ಬರ್ಗ್ ಪಟ್ಟಣ ಉತ್ತರದ ಸೇನೆಯ ವಶವಾದ ಮೇಲೆ ನದಿಯಾಚೆಗಿನ ನೆಂಟರಿಗೆ ವಿಶೇಷ ಟಪಾಲಿನಲ್ಲಿ ಬರೆಯಲು 40 ಸೆಂಟ್ ಬೇಕಾಯಿತು. ಮಗನ ಸಾವಿನ ಸುದ್ದಿ ಎಷ್ಟೋ ಮನೆಗಳಿಗೆ ಬಂದದ್ದು ಜೊತೆಗಾರ ಸೈನಿಕರ ಪತ್ರದಿಂದ.

ಯುದ್ಧ ಮುಗಿದಾಗ ಗುಲಾಮಗಿರಿಯಿಂದ ಬಿಡುಗಡೆಯಾದವರು ಮೊದಲು ಮಾಡಿದ ಕೆಲಸಗಳಲ್ಲಿ ತಮ್ಮವರನ್ನು ಹುಡುಕುವುದೂ ಒಂದು. ಈ ಇತಿಹಾಸದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. 1865ರಿಂದಲೇ ನ್ಯಾಶ್‌ವಿಲ್‌ನ ‘ಕಲರ್ಡ್ ಟೆನೆಸ್ಸಿಯನ್’, ಫಿಲಡೆಲ್ಫಿಯಾದ ‘ಕ್ರಿಶ್ಚಿಯನ್ ರೆಕಾರ್ಡರ್’ ಪತ್ರಿಕೆಗಳಲ್ಲಿ ಹುಡುಕಾಟದ ಪ್ರಕಟಣೆಗಳು ಬರತೊಡಗಿದವು. ನ್ಯೂ ಆರ್ಲಿಯನ್ಸ್‌ನ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ 1879ರಲ್ಲಿ ‘ಲಾಸ್ಟ್ ಫ್ರೆಂಡ್ಸ್’ ಎಂಬ ಅಂಕಣವನ್ನೇ ತೆರೆಯಿತು. ಚಂದಾದಾರರಿಗೆ ಉಚಿತ, ಉಳಿದವರಿಗೆ 50 ಸೆಂಟ್. ಇವನ್ನು ಚರ್ಚಿನ ಪೀಠದಿಂದ ಓದಿ ಹೇಳಿ ಎಂದು ಪಾದ್ರಿಗಳಿಗೆ ಕೋರಿಕೆ ಅಂಕಣದ ತಲೆಯ ಮೇಲೆಯೇ ಇರುತ್ತಿತ್ತು. ಓದಲು ಬಾರದವರಿಗೂ ಸುದ್ದಿ ಮುಟ್ಟಲು ಇದಕ್ಕಿಂತ ಒಳ್ಳೆಯ ಉಪಾಯ ಆ ಕಾಲದ ಅಂಚೆ ಇಲಾಖೆಯ ಬಳಿ ಇರಲಿಲ್ಲ: 1870ರಲ್ಲಿ ಅಮೆರಿಕದ ಕಪ್ಪು ಜನರಲ್ಲಿ ಶೇ. 80ರಷ್ಟು ಮಂದಿ ಅನಕ್ಷರಸ್ಥರು.

ಆ ಪ್ರಕಟಣೆಗಳ ಜಾಡು ಗಮನಿಸಬೇಕು. ಹುಡುಕುವವರ ಹೆಸರಿನ ನಂತರ ಮಾಲೀಕನ ಹೆಸರು ಬರುತ್ತದೆ, ಏಕೆಂದರೆ ತಾಯಿಯನ್ನು ಗುರುತಿಸಲು ಇದ್ದ ವಿಳಾಸ ಅದೊಂದೇ. ಆಮೇಲೆ ತಾಯಿ, ತಂದೆ, ಒಡಹುಟ್ಟಿದವರ ಹೆಸರುಗಳು, ಹಿರಿಯರಿಂದ ಕಿರಿಯರವರೆಗೆ. ಯಾವ ಕೌಂಟಿಯಲ್ಲಿ ಬೇರೆಯಾದರು, ಯಾವ ವ್ಯಾಪಾರಿ ಕೊಂಡ, ಆಗ ತಾನು ಎಷ್ಟು ಚಿಕ್ಕವಳು. ಒಬ್ಬ ಅಣ್ಣನ ಬೆರಳು ತುಂಡಾಗಿತ್ತು ಎಂಬಂಥ ಗುರುತೂ ಇರಬಹುದು. ಕೊನೆಗೆ ಉತ್ತರ ಬರಬೇಕಾದ ಅಂಚೆ ಕಚೇರಿ, ಅಥವಾ ಊರಿನ ಪಾದ್ರಿಯ ಹೆಸರು. ಮಾರಾಟವಾಗಿ ಮೂವತ್ತು, ನಲವತ್ತು ವರ್ಷ ಕಳೆದಿದ್ದರೂ ಹೆಸರುಗಳ ಸಾಲು ಕೆಡದೆ ನೆನಪಿನಲ್ಲಿ ಉಳಿದಿತ್ತು. ಬಿಳಿಯ ಕುಟುಂಬಗಳು ಬೈಬಲ್ಲಿನ ನಡುವಿನ ಹಾಳೆಯಲ್ಲಿ ಬರೆದಿಡುತ್ತಿದ್ದ ವಂಶಾವಳಿಯನ್ನು ಇವರು ತಲೆಯಲ್ಲಿ ಹೊತ್ತು ನಡೆದಿದ್ದರು. ಎಲ್ಲರಿಗೂ ಉತ್ತರ ಬರಲಿಲ್ಲ. ಮಾಲೀಕ ಬದಲಾದಾಗ, ಬಿಡುಗಡೆಯಾದಾಗ ಅಡ್ಡಹೆಸರು ಬದಲಾಗಿತ್ತು. ಹುಡುಕಬೇಕಾದವರಿಗೆ ಆ ಹೊಸ ಹೆಸರು ತಿಳಿಯುವ ದಾರಿಯೇ ಇರಲಿಲ್ಲ.

ಮನೆಬಾಗಿಲಿಗೆ ಅಂಚೆ ಬರುವ ವ್ಯವಸ್ಥೆ ಹಳ್ಳಿಗಾಡಿನಲ್ಲಿ ಶುರುವಾದದ್ದು 1896ರ ಅಕ್ಟೋಬರ್‌ನಲ್ಲಿ, ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟೌನ್ ಸುತ್ತಿನ ಊರುಗಳಲ್ಲಿ. 1902ರಲ್ಲಿ ಅದು ಕಾಯಂ ಆಯಿತು. ಅದಕ್ಕಾಗಿ ಮೊದಲ 10,000 ಡಾಲರ್ 1893ರಲ್ಲಿ ಮಂಜೂರಾದದ್ದು ಜಾರ್ಜಿಯಾದ ಕಾಂಗ್ರೆಸ್ ಸದಸ್ಯ ಟಾಮ್ ವಾಟ್ಸನ್ ಅವರ ಪ್ರಯತ್ನದಿಂದ. ನಗರದವರಿಗೆ ಆ ಸೌಲಭ್ಯ 1863ರಿಂದಲೇ ಇತ್ತು.

ಇಂದಿನ ಹುಡುಕಾಟಕ್ಕೆ ಮರಳುವುದಾದರೆ, 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರ ವಯಸ್ಸು, ಲಿಂಗ, ಬಣ್ಣ ಇವೆ. ಹೆಸರು ಸಾಮಾನ್ಯವಾಗಿ ಇಲ್ಲ. ಅವರೆಲ್ಲರ ಹೆಸರು ಗಣತಿಯಲ್ಲಿ ಮೊದಲು ಬಂದದ್ದು 1870ರಲ್ಲಿ. ಅದಕ್ಕೂ ಹಿಂದಿನ ತಲೆಮಾರಿಗೆ ದಾಟಲು ‘ಲಾಸ್ಟ್ ಫ್ರೆಂಡ್ಸ್’ನ ಪ್ರಕಟಣೆಗಳು ಸೇತುವೆಯಾಗಿವೆ. ಅಂಥ 2,500ಕ್ಕೂ ಹೆಚ್ಚು ಪ್ರಕಟಣೆಗಳನ್ನು ‘ಹಿಸ್ಟಾರಿಕ್ ನ್ಯೂ ಆರ್ಲಿಯನ್ಸ್ ಕಲೆಕ್ಷನ್’ ಸಂಸ್ಥೆ ಹೆಸರಿನ ಮೂಲಕ ಹುಡುಕುವಂತೆ ಜಾಲತಾಣದಲ್ಲಿ ತೆರೆದಿಟ್ಟಿದೆ. ಮಾಲೀಕ ಮನೆತನಗಳ ಪತ್ರಕಂತೆಗಳಲ್ಲಿ ಚದುರಿಹೋಗಿರುವ ‘ಹೌಡಿ’ ಸಾಲುಗಳನ್ನೂ ಹಾಗೆಯೇ ಹೆಸರುಹಿಡಿದು ಪಟ್ಟಿಮಾಡಿ, ಈ ಪ್ರಕಟಣೆಗಳ ಪಕ್ಕದಲ್ಲಿ ಇಡುವ ಕೆಲಸ ತುರ್ತಾಗಿ ಆಗಬೇಕು. ಅಡುಗೆಯ ಹೆಂಗಸಿನ ಮಗ ಯಾವ ಊರಿನಲ್ಲಿದ್ದ ಎಂಬುದು ಆ ಪತ್ರದ ವಿಳಾಸದಲ್ಲೇ ಇದೆ.